ದಿನದ ಊಟಕ್ಕೆ ಹೊಂದುವ, ಕೈಗೆಟುಕುವ ವೈನ್

ನಮ್ಮ ಊಟದಲ್ಲಿ ಖಾರ, ಹುಣಸೆಹುಳಿ ಮತ್ತು ಒಗ್ಗರಣೆ ಒಟ್ಟಿಗೇ ಇರುವುದರಿಂದ, ವೈನ್ ಕೊಳ್ಳುವಾಗ ಬೆಲೆಗಿಂತ ಮೊದಲು ಅದರ ಹುಳಿ, ಸಿಹಿ ಮತ್ತು ಒಗರನ್ನು ಗಮನಿಸಬೇಕೆಂದು ನನ್ನ ವಿನಂತಿ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಬರುವ ಟ್ಯಾನಿನ್ ಎಂಬ ಒಗರಿನ ಅಂಶ ಕೆಂಪು ವೈನಿನಲ್ಲಿ ಹೆಚ್ಚಿದ್ದು, ಮೆಣಸಿನಕಾಯಿಯ ಉರಿಯನ್ನು ಅದು ಇನ್ನಷ್ಟು ಕೆರಳಿಸುತ್ತದೆ; ಆದ್ದರಿಂದ ಮುದ್ದೆ, ಖಾರದ ಕೋಳಿಸಾರಿನ ಜೊತೆಗೆ ಕ್ಯಾಬರ್ನೆ ಸುವಿನ್ಯೋನ್ ಎಂಬ ಒಗರು ಹೆಚ್ಚಿರುವ ದುಬಾರಿ ಕೆಂಪು ವೈನ್ ತೆರೆಯುವುದು ಹಣಕ್ಕೂ ನಾಲಿಗೆಗೂ ನಷ್ಟವೇ ಸರಿ. ಅದರ ಬದಲು ನಂದಿ ಬೆಟ್ಟದ ಆಸುಪಾಸಿನಲ್ಲೋ ನಾಸಿಕದಲ್ಲೋ ತಯಾರಾದ, ತುಸು ಸಿಹಿ ಉಳಿದಿರುವ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನನ್ನು ಚೆನ್ನಾಗಿ ತಣಿಸಿ ಕೊಟ್ಟರೆ, ಅದರ ಸಿಹಿಯು ಖಾರವನ್ನು ತಗ್ಗಿಸುತ್ತದೆ, ಹುಳಿಯು ಮಸಾಲೆಯ ಜಿಡ್ಡನ್ನು ಬಿಡಿಸುತ್ತದೆ. ಆಮದು ಸುಂಕದ ಹೊರೆಯಿಲ್ಲದ ಕಾರಣ ಇಂಥ ವೈನ್ ಜೇಬಿಗೂ ಹಗುರ.

ನಿಂಬೆಹಣ್ಣು ಹಿಂಡಿದ ರವಾ ಫ್ರೈ ಬಂಗುಡೆಗೆ ಸುವಿನ್ಯೋನ್ ಬ್ಲಾಂಕ್ ಎಂಬ ಹುಳಿ ಹೆಚ್ಚಿರುವ ಬಿಳಿ ವೈನ್ ಒಪ್ಪುತ್ತದೆ, ಏಕೆಂದರೆ ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆಯಾದರೆ ವೈನ್ ಸಪ್ಪೆಯೆನಿಸುತ್ತದೆ. ಕಾಳುಮೆಣಸು ಹಾಕಿ ಹುರಿದ ಮಟನ್‌ಗೆ ಶಿರಾಜ್ ಎಂಬ ಕೆಂಪು ವೈನ್ ಸೊಗಸು. ಆದರೆ ನಮ್ಮ ಬೇಸಿಗೆಯಲ್ಲಿ ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಬೇಕು, ಇಲ್ಲವಾದರೆ ಮದ್ಯದ ಘಾಟೇ ಮುಂದಾಗುತ್ತದೆ. 2013ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಪಡೆದ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್ ಅಗ್ಗವಾದರೂ ಸಾರು, ಪಲ್ಯಕ್ಕೆ ಹೊಂದದು, ಊಟದ ನಂತರಕ್ಕಿರಲಿ.

ತೆರೆದ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರು ದಿನಗಳೊಳಗೆ ಮುಗಿಸಿ. ಕಡಿಮೆ ಬೆಲೆಯ ಬಿಳಿ ವೈನ್ ಹಳೆಯದಾದಷ್ಟೂ ಕಳೆಗುಂದುವುದರಿಂದ, ಲೇಬಲ್ಲಿನ ಮೇಲಿನ ವರ್ಷವನ್ನು ನೋಡಿ ಹೊಸತನ್ನೇ ಆರಿಸಿಕೊಳ್ಳಿ.