ಎಳೆದ ಸ್ವರಕ್ಕೆ ತಾಳದ ಕತ್ತರಿ

ಕೀಬೋರ್ಡಿನಲ್ಲಿ ಒಂದು ಕಾರ್ಡ್, ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ, ಒತ್ತಿ ಹಿಡಿಯಿರಿ. ನಾಲ್ಕು ಬಾರ್ (ತಾಳದ ನಾಲ್ಕು ಸುತ್ತು) ಮುಗಿಯುವವರೆಗೂ ಅದು 'ಆ...' ಅಂತ ಒಂದೇ ಸಮನೆ ನಿಂತಿರುತ್ತದೆ. ಅದರ ವಾಲ್ಯೂಮನ್ನು ತಾಳಕ್ಕೆ ಸರಿಯಾಗಿ ತೆರೆದು, ಮುಚ್ಚಿ, ಮತ್ತೆ ತೆರೆದರೆ? ಅದೇ ಸ್ವರ ಕುಣಿಯತೊಡಗುತ್ತದೆ. 1990ರ ದಶಕದ ಟ್ರಾನ್ಸ್ ಅನ್ನುವ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ ಇದನ್ನು ಎಷ್ಟು ಹಚ್ಚಿಕೊಂಡಿತೆಂದರೆ, ಇವತ್ತಿಗೂ ಇದನ್ನು ಟ್ರಾನ್ಸ್ ಗೇಟ್ ಅಂತಲೇ ಕರೆಯುತ್ತಾರೆ. ಗೇಟ್ ಅಂದರೆ ಸದ್ದನ್ನು ಬಿಡುವ, ತಡೆಯುವ ಬಾಗಿಲು.

ಇದಕ್ಕೆಂದೇ ರೆಡಿಮೇಡ್ ಪ್ಲಗಿನ್‌ಗಳಿವೆ, ಅಂದರೆ ಸಂಗೀತದ ಸಾಫ್ಟ್‌ವೇರಿನೊಳಗೆ ಹಾಕಿಕೊಳ್ಳುವ ಪುಟ್ಟ ಸಾಧನಗಳು. ಎಫ್‌ಎಲ್ ಸ್ಟುಡಿಯೊ ಅನ್ನುವ ಸಾಫ್ಟ್‌ವೇರ್ ಬಳಸುವವರಿಗೆ ಅಂಥದ್ದೇ ಆದ ಗ್ರಾಸ್ ಬೀಟ್ ಗೊತ್ತೇ ಇರುತ್ತದೆ. ಆದರೂ ಮೊದಲ ಸಲ ಕೈಯಾರೆ ಮಾಡಿ ನೋಡಿ. ಯಾವ ಸ್ಲೈಡರ್ ಏನು ಮಾಡುತ್ತದೆ ಅನ್ನುವುದು ಆಗ ಕಿವಿಗೇ ತಿಳಿಯುತ್ತದೆ. ಇಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆಗೆದುಕೊಂಡಿದ್ದೇನೆ. ಅದನ್ನು 60 ದಿನ ದುಡ್ಡು ಕೊಡದೆ ಬಳಸಿ ನೋಡಬಹುದು. ನಮಗೆ ಬೇಕಾದ ಗೇಟ್ ಪ್ಲಗಿನ್, ರೀಗೇಟ್, ಅದರಲ್ಲೇ ಇದೆ.

ಕಂಪ್ಯೂಟರ್ ಮುಟ್ಟುವ ಮೊದಲು ಲಯವನ್ನು ಬಾಯಲ್ಲಿ ಹೇಳಿಕೊಳ್ಳಿ. ಒಂದು ಬಾರಿನಲ್ಲಿ, ಬೀಟಿಗೆ ನಾಲ್ಕರಂತೆ, 16 ಮನೆಗಳಿವೆ ಅಂದುಕೊಳ್ಳಿ. ಹದಿನಾರರಲ್ಲೂ ಕತ್ತರಿಸಿದರೆ ಹೊಲಿಗೆ ಮಷೀನಿನ ಸದ್ದು ಬರುತ್ತದೆ, ಎರಡೇ ನಿಮಿಷಕ್ಕೆ ಬೇಜಾರು. ನನಗಿಷ್ಟವಾದದ್ದು ತಾಳವನ್ನು ಬಾಯಲ್ಲಿ ನುಡಿಸುವ ನಮ್ಮ ಕೊನ್ನಕ್ಕೋಲಿನ ಲೆಕ್ಕ: ತಕಿಟ ತಕಿಟ ತಕಿಟ ತಕಿಟ ತಕಧಿಮಿ. ನಾಲ್ಕು ಮೂರಲ ಹನ್ನೆರಡು, ಮೇಲೊಂದು ನಾಲ್ಕು. ಪ್ರತಿ ಗುಂಪಿನ ಕೊನೆಯ ಅಕ್ಷರವನ್ನು ನುಂಗಿಬಿಡಿ. ಆಗ 3, 6, 9, 12, 16ನೇ ಮನೆಗಳು ಖಾಲಿ. ಲಯಕ್ಕೆ ಜೀವ ಬರುವುದು ಆ ಖಾಲಿ ಮನೆಗಳಿಂದ.

ಈಗ ಕೆಲಸಕ್ಕೆ ಇಳಿಯೋಣ.

1. ಟೆಂಪೊ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ) 120 ಇಡಿ. ಒಂದು ಟ್ರ್ಯಾಕಿನಲ್ಲಿ ಎಳೆದ ಸ್ವರ ಇರಲಿ. ಪ್ಯಾಡ್ (ಸಿಂಥಸೈಜರಿನ ಮೆತ್ತನೆಯ, ಎಳೆದ ಸದ್ದು), ಆರ್ಗನ್, ತಂಬೂರಿ ಯಾವುದಾದರೂ ಸರಿ; ಮುಂದೆ ಇದನ್ನು ಪ್ಯಾಡ್ ಅಂತಲೇ ಕರೆಯುತ್ತೇನೆ. ತಟ್ಟನೆ ಸಾಯುವ ಸದ್ದು ಬೇಡ, ಅದರಲ್ಲಿ ಕತ್ತರಿಸಲು ಏನೂ ಉಳಿದಿರುವುದಿಲ್ಲ.

2. ಇನ್ನೊಂದು ಟ್ರ್ಯಾಕಿನಲ್ಲಿ ಚಿಕ್ಕದೊಂದು ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಸದ್ದನ್ನು ಸದ್ದಿರುವ 11 ಮನೆಗಳಲ್ಲಿ ಜೋಡಿಸಿ. ಎಲ್ಲವೂ ಒಂದೇ ಜೋರಿನಲ್ಲಿರಲಿ.

3. ಹೈ-ಹ್ಯಾಟ್ ಟ್ರ್ಯಾಕಿನ ರೂಟ್ ಬಟನ್ ಹಿಡಿದು ಪ್ಯಾಡ್ ಟ್ರ್ಯಾಕಿನ ಮೇಲೆ ಎಳೆದು ಬಿಡಿ. ಅಲ್ಲಿ 1/2 (ಒಂದು ಮತ್ತು ಎರಡನೇ) ಚಾನೆಲ್ಲನ್ನು 3/4ಕ್ಕೆ ಕಳಿಸಿ. ಹೈ-ಹ್ಯಾಟಿನ ಮಾಸ್ಟರ್ ಸೆಂಡ್ (ಸ್ಪೀಕರಿಗೆ ಹೋಗುವ ದಾರಿ) ಆಫ್ ಮಾಡಿ. ಅದು ಕೇಳಿಸಬಾರದು, ಬಾಗಿಲು ತಟ್ಟುವುದಷ್ಟೇ ಅದರ ಕೆಲಸ.

4. ಪ್ಯಾಡಿಗೆ ರೀಗೇಟ್ ಹಾಕಿ, ಡಿಟೆಕ್ಟರ್ ಇನ್‌ಪುಟ್‌ನಲ್ಲಿ ಆಕ್ಸಿಲಿಯರಿ (ಹೈ-ಹ್ಯಾಟ್ ಬರುವ ಆ 3/4 ಚಾನೆಲ್) ಆರಿಸಿ. ಥ್ರೆಶೋಲ್ಡನ್ನು, ಅಂದರೆ ಎಷ್ಟು ಜೋರಾದರೆ ಬಾಗಿಲು ತೆರೆಯಬೇಕು ಅನ್ನುವ ಮಿತಿಯನ್ನು, ಮೈನಸ್ 30 ಡೆಸಿಬೆಲ್ ಹತ್ತಿರ ಇಟ್ಟು ಪ್ಲೇ ಒತ್ತಿ.

ಕೇಳಿಸಿತಲ್ವಾ? ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. 120 ಟೆಂಪೊದಲ್ಲಿ ಒಂದು ಮನೆಗೆ 125 ಮಿಲಿಸೆಕೆಂಡ್. ಹೋಲ್ಡ್ (ಬಾಗಿಲು ತೆರೆದೇ ಇರುವ ಸಮಯ) 60, ರಿಲೀಸ್ (ಮುಚ್ಚಲು ಹಿಡಿಯುವ ಸಮಯ) 30 ಇಟ್ಟರೆ ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ ಬೀಳುತ್ತದೆ. ಹೋಲ್ಡನ್ನು 125ಕ್ಕೆ ಏರಿಸಿ, 'ತ' ಮತ್ತು 'ಕಿ' ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಟೆಂಪೊ ಬದಲಾದರೆ 15,000ವನ್ನು ಹೊಸ ಟೆಂಪೊದಿಂದ ಭಾಗಿಸಿ, ಹೊಸ ಮನೆಯ ಅಳತೆ ಸಿಗುತ್ತದೆ.

ಅಟ್ಯಾಕ್, ಅಂದರೆ ಬಾಗಿಲು ತೆರೆಯಲು ಹಿಡಿಯುವ ಸಮಯ, ಮಾತ್ರ ಸೊನ್ನೆಗೆ ಇಳಿಸಬೇಡಿ. ಅಲೆ ನಡು ಎತ್ತರದಲ್ಲಿದ್ದಾಗ ಬಾಗಿಲು ಒಮ್ಮೆಲೇ ತೆರೆದರೆ 'ಟಿಕ್' ಅನ್ನುತ್ತದೆ. ನಾನು ಮೊದಲು ಮಾಡಿದ ತಂಬೂರಿ ಟ್ರ್ಯಾಕಿನಲ್ಲಿ ಸ್ಪೀಕರಿನಿಂದ ಏನೂ ಗೊತ್ತಾಗಿರಲಿಲ್ಲ. ರಾತ್ರಿ ಹೆಡ್‌ಫೋನ್ ಹಾಕಿಕೊಂಡಾಗ ಪ್ರತಿ ಅಕ್ಷರದ ತಲೆಯ ಮೇಲೂ ಆ ಟಿಕ್ ಕೂತಿತ್ತು. ಅಟ್ಯಾಕ್ 4 ಮಿಲಿಸೆಕೆಂಡ್ ಮಾಡಿದೆ, ಹೋಯಿತು. ರೆಂಡರ್ ಮಾಡಿ (ಹೊಸ ಆಡಿಯೊ ಫೈಲಾಗಿ ಉಳಿಸಿ) ಅಲೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಅಲ್ಲಲ್ಲಿ ಹಲ್ಲು ಉದುರಿದ ಬಾಚಣಿಗೆಯಂತೆ ಕಾಣುತ್ತದೆ, ಹಲ್ಲುಗಳ ಮೂಲೆ ತುಸು ದುಂಡಗಿರಬೇಕು.

ರಿವರ್ಬ್ (ದೊಡ್ಡ ಕೋಣೆಯಲ್ಲಿ ಕೇಳುವಂಥ ಅನುರಣನ) ಎಲ್ಲಿ ಬರಬೇಕು ಅನ್ನುವುದೂ ಮುಖ್ಯ. ಗೇಟಿನ ನಂತರ ಹಾಕಿದರೆ ಅದರ ಬಾಲ ಖಾಲಿ ಮನೆಗಳನ್ನು ತುಂಬಿ ಸದ್ದು ಮೆತ್ತಗಾಗುತ್ತದೆ. ಗೇಟಿಗಿಂತ ಮೊದಲು ಹಾಕಿದರೆ ಬಾಲವೂ ಕತ್ತರಿಸಿ ಹೋಗಿ ಏಟು ಹರಿತವಾಗುತ್ತದೆ. ತಂಬೂರಿಗೆ ನಾನು ಗೇಟಿನ ನಂತರದ ರಿವರ್ಬನ್ನೇ ಆರಿಸುತ್ತೇನೆ.

ಹಾಡುವ ದನಿಗೆ ಹಾಕುವಾಗ ಜಾಸ್ತಿ ಎಚ್ಚರ ಬೇಕು. ಸಾಲಿನ ನಡುವೆ ಕತ್ತರಿಸಿದರೆ ಮಾತೇ ಕಳೆದುಹೋಗುತ್ತದೆ. ಸಾಲಿನ ಕೊನೆಯಲ್ಲಿ ಎಳೆಯುವ ಸ್ವರವನ್ನಷ್ಟೇ ಬೇರೆ ಟ್ರ್ಯಾಕಿಗೆ ತಂದು ಗೇಟ್ ಹಾಕಿ. ರೀಗೇಟಿನ ಡ್ರೈ (ಕತ್ತರಿ ಬೀಳದ ಮೂಲ ಸದ್ದಿನ) ಸ್ಲೈಡರನ್ನು ಮೈನಸ್ 12ರ ಹತ್ತಿರ ಏರಿಸಿ. ಆಗ ಬಾಗಿಲು ಮುಚ್ಚಿದಾಗಲೂ ದನಿ ಸಣ್ಣಗೆ ಕೇಳುತ್ತಿರುತ್ತದೆ, ಹಾಡುವವರ ಉಸಿರು ತುಂಡಾಗುವುದಿಲ್ಲ.