ಪಿಸ್ಟನ್ ಇಲ್ಲದ ಇಂಜಿನ್ ಓಡುವುದು ಹೇಗೆ?

ಬೈಕಿನ ಇಂಜಿನ್ ಬಿಚ್ಚಿಟ್ಟಿದ್ದನ್ನು ನೋಡಿದವರಿಗೆ ಪಿಸ್ಟನ್ ಗೊತ್ತು. ಮೇಲೆ ಹೋಗುತ್ತದೆ, ನಿಲ್ಲುತ್ತದೆ, ಕೆಳಗೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ಚಕ್ರಕ್ಕೆ ಬೇಕಾದದ್ದು ಬರೀ ಸುತ್ತು. ಮೊದಲಿಂದಲೇ ಸುತ್ತುವ ಇಂಜಿನ್, ಅಂದರೆ ರೋಟರಿ ಇಂಜಿನ್, ಮಾಡಿದರೆ ಹೇಗೆ ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡವರು ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್. ಅಲ್ಲಿನ ವಾಹನ ತಯಾರಿಸುವ ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಅವರ ಮೊದಲ ಮಾದರಿ ಓಡಿತು. ಅದರಲ್ಲಿ ಹೊರಗಿನ ಕವಚವೂ ಸುತ್ತುತ್ತಿತ್ತು; ಕಿಡಿ ಹಾರಿಸುವ ಪ್ಲಗ್ ಬದಲಿಸಲು ಇಂಜಿನ್ನೇ ಬಿಚ್ಚಬೇಕು! ಕವಚವನ್ನು ನಿಲ್ಲಿಸಿ ಸರಳ ಮಾಡಿದವರು ಅಲ್ಲಿನ ಇಂಜಿನಿಯರ್ ಹಾನ್ಸ್ ಡೀಟರ್ ಪಾಶ್ಕೆ.

ಎರಡು ಬೀಜದ ಶೇಂಗಾಕಾಯಿ ನೋಡಿದ್ದೀರಲ್ವಾ? ಕವಚದ ಒಳಗೋಡೆ ಸುಮಾರು ಆ ಆಕಾರ, ಸೊಂಟ ಮಾತ್ರ ಅಷ್ಟು ಸಣ್ಣದಲ್ಲ. ಅದರೊಳಗೆ ಬದಿಗಳು ಉಬ್ಬಿದ ಮೂರು ಮೂಲೆಯ ರೋಟರ್, ಅಂದರೆ ಸುತ್ತುವ ಭಾಗ. ಮೂರೂ ಮೂಲೆ ಯಾವಾಗಲೂ ಗೋಡೆಗೆ ತಾಗಿಕೊಂಡೇ ಇರುವುದರಿಂದ ಮೂರು ಕೋಣೆಗಳಾಗುತ್ತವೆ. ಒಂದು ಬದಿಗೆ ಕೆಂಪು ಬಣ್ಣ ಬಳಿದಿದೆ ಅಂದುಕೊಂಡು ಅದನ್ನೇ ಹಿಂಬಾಲಿಸಿ.

1. ಕೆಂಪು ಬದಿಯ ಕೋಣೆ ಹಿಗ್ಗುತ್ತದೆ, ಗಾಳಿ-ಪೆಟ್ರೋಲನ್ನು ಹೀರುತ್ತದೆ. ವಾಲ್ವ್ ಇಲ್ಲ, ತೂತನ್ನು ತೆರೆದು ಮುಚ್ಚುವುದು ರೋಟರೇ.

2. ಸೊಂಟದ ಕಡೆ ಸರಿದಂತೆ ಕೋಣೆ ಕುಗ್ಗುತ್ತದೆ, ಒಳಗಿನದು ಬಿಗಿಯಾಗಿ ಒತ್ತಿಕೊಳ್ಳುತ್ತದೆ.

3. ಅಲ್ಲಿ ಪ್ಲಗ್ ಕಿಡಿ ಹಾರಿಸುತ್ತದೆ. ಕೋಣೆ ಉದ್ದ, ತೆಳು. ಅದಕ್ಕೇ ಸಾಮಾನ್ಯವಾಗಿ ಎರಡು ಪ್ಲಗ್. ಉರಿದ ಅನಿಲ ಹಿಗ್ಗಿ ರೋಟರನ್ನು ತಳ್ಳುತ್ತದೆ.

4. ಮುಂದಿನ ಮೂಲೆ ಹೊಗೆಯ ತೂತನ್ನು ದಾಟುತ್ತದೆ, ಹೊಗೆ ಹೊರಗೆ.

ಇಷ್ಟಾಗುವಾಗ ಉಳಿದೆರಡು ಬದಿಗಳೂ ಸುಮ್ನೆ ಕೂತಿಲ್ಲ. ಅವೂ ಒಂದರ ಹಿಂದೆ ಒಂದು ಇದನ್ನೇ ಮಾಡುತ್ತಿರುತ್ತವೆ.

ಎಲ್ಲರೂ ಎಡವುವುದು ಮುಂದಿನ ಮಾತಿನಲ್ಲಿ. ರೋಟರ್ ಫ್ಯಾನಿನಂತೆ ನಡುವೆ ನಿಂತು ಸುತ್ತುವುದಿಲ್ಲ. ಒರಳಿನ ಗುಂಡಿನ ಹಾಗೆ ಓಲಾಡುತ್ತಾ ಸುತ್ತುತ್ತದೆ. ಇಂಜಿನ್ನಿನ ಸುತ್ತನ್ನು ಹೊರಗೆ ಒಯ್ಯುವ ಶಾಫ್ಟಿನ ಮೇಲೆ ನಡುವಿನಿಂದ ಸ್ವಲ್ಪ ಸರಿದ ದುಂಡನೆಯ ಉಬ್ಬು ಇದೆ. ರೋಟರ್ ಕೂತಿರುವುದು ಅದರ ಮೇಲೆ. ಅನಿಲದ ಒತ್ತಡ ಆ ಉಬ್ಬನ್ನು ತಳ್ಳುತ್ತದೆ, ಶಾಫ್ಟ್ ತಿರುಗುತ್ತದೆ. ಸೈಕಲ್ ಪೆಡಲ್ ತುಳಿದಂತೆ. ರೋಟರಿನ ಒಳಗೆ ಹಲ್ಲುಗಳಿವೆ, ಕವಚಕ್ಕೆ ಬಿಗಿದ ಸಣ್ಣ ಗೇರಿಗೆ ಅವು ಕಚ್ಚಿಕೊಂಡಿರುತ್ತವೆ. ಹಲ್ಲುಗಳ ಲೆಕ್ಕ 3ಕ್ಕೆ 2. ಈ ಗೇರು ಶಕ್ತಿ ಸಾಗಿಸುವುದಿಲ್ಲ. ಮೂಲೆಗಳು ದಾರಿ ತಪ್ಪದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಇದರಿಂದ ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟಿಗೆ ಮೂರು ಸುತ್ತು. ಅಷ್ಟರಲ್ಲಿ ಮೂರೂ ಬದಿಗಳು ಒಂದೊಂದು ಸಲ ತಳ್ಳಿರುತ್ತವೆ, ಅಂದರೆ ಶಾಫ್ಟಿನ ಪ್ರತಿ ಸುತ್ತಿಗೂ ಒಂದು ತಳ್ಳು. ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಬೈಕಿನಲ್ಲಿ ಎರಡು ಸುತ್ತಿಗೆ ಒಂದು.

ಇಷ್ಟು ಚೆನ್ನಾಗಿದ್ದರೆ ಎಲ್ಲ ಕಾರಿನಲ್ಲೂ ಯಾಕಿಲ್ಲ? ರೋಟರಿನ ತುದಿಗಳನ್ನು ನೋಡಿ. ಅನಿಲ ಸೋರದಂತೆ ತಡೆಯಲು ಅಲ್ಲಿರುವ ಸಣ್ಣ ಸೀಲ್ ಪಟ್ಟಿಗಳು ಗೋಡೆಯನ್ನು ಉಜ್ಜುತ್ತಲೇ ಇರಬೇಕು. ಗೋಡೆಯ ಒಂದು ಕಡೆ ಸದಾ ಬೆಂಕಿ, ಇನ್ನೊಂದು ಕಡೆ ಸದಾ ತಂಪು ಗಾಳಿ. ಎನ್‌ಎಸ್‌ಯುವಿನ ರೋ 80 ಕಾರಿಗೆ ಕೆಟ್ಟ ಹೆಸರು ತಂದದ್ದು ಈ ಸೀಲುಗಳೇ. ಜಪಾನಿನ ಕಾರು ಕಂಪನಿ ಮಜ್ದಾದಲ್ಲೂ ಪರೀಕ್ಷೆ ಮಾಡುವಾಗ ಗೋಡೆಯ ಮೇಲೆ ಗೀರು ಬೀಳುತ್ತಿದ್ದವು. ಅವರು ಅದಕ್ಕೆ ‘ದೆವ್ವದ ಉಗುರಿನ ಗುರುತು’ ಅಂದರು. ಕೆನಿಚಿ ಯಮಾಮೊಟೊ ಅವರ ತಂಡ ಕಾರ್ಬನ್ನಿಗೆ ಅಲ್ಯೂಮಿನಿಯಂ ಸೇರಿಸಿದ ಸೀಲ್ ಮಾಡಿದ ಮೇಲೆ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರು ಮಾರಾಟಕ್ಕೆ ಬಂತು. 1991ರಲ್ಲಿ ನಾಲ್ಕು ರೋಟರಿನ ಮಜ್ದಾ ರೇಸ್ ಕಾರು 787ಬಿ, ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಯ ರೇಸನ್ನೇ ಗೆದ್ದಿತು.

ಆದರೂ ಪೆಟ್ರೋಲ್ ಜಾಸ್ತಿ ಬೇಕು. ಸೀಲಿಗೆ ಹಾಕುವ ಆಯಿಲ್ ಉರಿದುಹೋಗುತ್ತದೆ. ಉದ್ದ ಕೋಣೆಯ ಮೂಲೆಯಲ್ಲಿ ಒಂದಿಷ್ಟು ಇಂಧನ ಉರಿಯದೆ ಉಳಿಯುತ್ತದೆ. 2012ರಲ್ಲಿ ಮಜ್ದಾದ ರೋಟರಿ ಕಾರು ಆರ್‌ಎಕ್ಸ್-8ರ ತಯಾರಿಕೆ ನಿಂತದ್ದಕ್ಕೆ ಹೊಗೆಯ ನಿಯಮಗಳೂ ಕಾರಣ. 2023ರಲ್ಲಿ ಮಜ್ದಾ ರೋಟರಿಯನ್ನು ಮತ್ತೆ ತಂದಿತು, ಬೇರೆ ಕೆಲಸಕ್ಕೆ: ಎಂಎಕ್ಸ್-30 ಕಾರಿನಲ್ಲಿ ಚಕ್ರ ತಿರುಗಿಸುವುದು ಕರೆಂಟ್ ಮೋಟಾರು. ಒಂದೇ ರೋಟರಿನ 830 ಸಿಸಿ ಇಂಜಿನ್ ಅದಕ್ಕೆ ಜನರೇಟರ್.