ಅಬ್ಸರ್ವೇಶನ್‌ನಲ್ಲಿ ಇಡ್ತೀವಿ ಅಂದಾಗ ಮನೆಯವರು ಏನು ಮಾಡಬೇಕು?

ಮರ ಕಪಾತು ಮಾಡುವಾಗ ಬಿದ್ದವರು, ತೋಟದಲ್ಲಿ ಹಾವು ಕಚ್ಚಿದವರು, ಹೆಜ್ಜೇನು ದಾಳಿಗೆ ಸಿಕ್ಕವರು ಕೊಡಗಿನ ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ. ಕೆಲವರು ನೋಡಲು ಆರಾಮಾಗಿಯೇ ಇರುತ್ತಾರೆ. ಆದರೂ ಡಾಕ್ಟರು ‘ಸ್ವಲ್ಪ ಹೊತ್ತು ಅಬ್ಸರ್ವೇಶನ್‌ನಲ್ಲಿ ಇರಲಿ’ ಅನ್ನುತ್ತಾರೆ. ಮನೆಗೆ ಕಳಿಸುವುದೋ, ಅಡ್ಮಿಟ್ ಮಾಡುವುದೋ, ಮೈಸೂರಿಗೆ ಕಳಿಸುವುದೋ ಎಂದು ತೀರ್ಮಾನಿಸಲು ಬೇಕಾದ ಸಮಯ ಅದು. ಬೆಡ್ ಖಾಲಿ ಇಲ್ಲವೆಂದು ಕಾಯಿಸುವುದು ಅಬ್ಸರ್ವೇಶನ್ ಅಲ್ಲ.

ಹಾಗಾಗಿ ಮೊದಲು ಮೂರು ಮಾತು ಕೇಳಿ. ಏನನ್ನು ಗಮನಿಸುತ್ತಿದ್ದೀರಿ? ಎಷ್ಟು ಹೊತ್ತಿಗೊಮ್ಮೆ ನೋಡುತ್ತೀರಿ? ತೀರ್ಮಾನ ಯಾವಾಗ? ಉತ್ತರ ಬರೆದಿಟ್ಟುಕೊಳ್ಳಿ. ನರ್ಸ್ ಡ್ಯೂಟಿ ಬದಲಾದಾಗ ಅದು ಕೆಲಸಕ್ಕೆ ಬರುತ್ತದೆ.

ಹಾವು ಕಚ್ಚಿ ಆಸ್ಪತ್ರೆಗೆ ಬಂದಿದ್ದರೆ ಮನೆಗೆ ಹೊರಡಲು ಅವಸರ ಮಾಡಲೇಬೇಡಿ. ಕಟ್ಟುಹಾವು ಕಚ್ಚಿದ ಜಾಗದಲ್ಲಿ ಊತ, ನೋವು ಇಲ್ಲದೇ ಇರಬಹುದು. ಗಂಟೆಗಳ ನಂತರ ಕಣ್ಣುರೆಪ್ಪೆ ಇಳಿಯುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಅದಕ್ಕೇ ವಿಷದ ಲಕ್ಷಣ ಕಾಣದಿದ್ದರೂ 24 ಗಂಟೆ ಇಟ್ಟು ನೋಡುತ್ತಾರೆ. ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ಟ್ಯೂಬಿನಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿರುವ ಸೂಚನೆ. ಈ ಪರೀಕ್ಷೆ ಒಮ್ಮೆ ಸರಿ ಬಂದರೆ ಸಾಲದು, ಮತ್ತೆ ಮತ್ತೆ ಮಾಡಬೇಕು. ನಮ್ಮಲ್ಲಿ ಸಿಗುವ ಆಂಟಿವೆನಮ್ (ಹಾವಿನ ವಿಷ ಇಳಿಸುವ ಔಷಧ) ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲದ ವಿಷಕ್ಕೆ ತಯಾರಾದದ್ದು. ಮಲೆನಾಡಿನ ಪಿಟ್ ವೈಪರ್ ಎಂಬ ಜಾತಿಯ ವಿಷದ ಹಾವುಗಳು ಈ ಪಟ್ಟಿಯಲ್ಲಿಲ್ಲ. ಅಂಥ ಹಾವು ಕಚ್ಚಿದಾಗ ಗಮನವಿಟ್ಟು ನೋಡುವುದೇ ದೊಡ್ಡ ಚಿಕಿತ್ಸೆ.

ಎದೆನೋವಿನಲ್ಲೂ ಮೊದಲ ಇಸಿಜಿ ಸರಿ ಬಂತೆಂದು ಎದ್ದು ಹೊರಡಬೇಡಿ. ಹೃದಯಾಘಾತವಾದರೆ ರಕ್ತದಲ್ಲಿ ಟ್ರೋಪೊನಿನ್ (ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೇರುವ ಪ್ರೋಟೀನ್) ಏರಲು ಕೆಲವು ಗಂಟೆ ಬೇಕು. ಅದಕ್ಕೇ ಎರಡನೇ ಸಲ ರಕ್ತ ಕೇಳುತ್ತಾರೆ. ಹೆಜ್ಜೇನು ಕಚ್ಚಿ ಉಬ್ಬಸ ಬಂದವರಿಗೆ ಇಂಜೆಕ್ಷನ್‌ನಿಂದ ಕಡಿಮೆಯಾದರೂ ಮತ್ತೆ ಮರುಕಳಿಸಬಹುದು. ತಲೆಗೆ ಪೆಟ್ಟಾದವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಕೇಳುವ ಮೊದಲೇ ಹೇಳಿಬಿಡಿ.

ಇನ್ನು ನಿಮ್ಮ ಮನೆ ಎಲ್ಲಿದೆ ಎಂಬುದನ್ನು ಡಾಕ್ಟರಿಗೆ ಹೇಳಲೇಬೇಕು. ಆಸ್ಪತ್ರೆ ಪಕ್ಕದ ಮನೆಯವರಿಗೂ ದೂರದ ತೋಟದ ಲೈನ್ ಮನೆಯವರಿಗೂ (ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರಿಗೂ) ಒಂದೇ ಸಲಹೆ ಹೊಂದುವುದಿಲ್ಲ, ಅಲ್ವಾ? ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುತ್ತದೆ, ನೆಟ್‌ವರ್ಕ್ ಹೋದರೆ 108ಕ್ಕೆ ಫೋನ್ ಹತ್ತುವುದಿಲ್ಲ. ರಾತ್ರಿ ಜೊತೆಗಿರಲು ಯಾರೂ ಇಲ್ಲದಿದ್ದರೆ ಅದನ್ನೂ ಹೇಳಿ. ‘ಬೆಳಗಿನವರೆಗೆ ಇಟ್ಟುಕೊಳ್ಳಿ’ ಎಂದು ಕೇಳಲು ಸಂಕೋಚ ಬೇಡ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ದೊಡ್ಡ ಆಸ್ಪತ್ರೆಗೆ ಹೋಗಬೇಕಾಗಬಹುದು ಎಂಬ ಅನುಮಾನವಿದ್ದರೆ ಆ ಮಾತು ಬೇಗ ಆಗಲಿ.

ಇನ್ಶೂರೆನ್ಸ್ ಇದ್ದವರು ಬಿಲ್ ಕೌಂಟರಿನಲ್ಲಿ ಮೊದಲೇ ವಿಚಾರಿಸಿ. ಪಾಲಿಸಿಯ ಪಟ್ಟಿಯಲ್ಲಿರುವ ಡೇ ಕೇರ್ ಚಿಕಿತ್ಸೆ (ಒಂದು ದಿನದೊಳಗೆ ಮುಗಿಯುವಂಥದ್ದು) ಬಿಟ್ಟರೆ, ಸಾಮಾನ್ಯ ಪಾಲಿಸಿಗಳು 24 ಗಂಟೆ ಒಳರೋಗಿಯಾಗಿರಬೇಕು ಅನ್ನುತ್ತವೆ. ಬರೀ ಪರೀಕ್ಷೆಗಾಗಿ ಸೇರಿದರೆ ಹಣ ಸಿಗುವುದು ಕಷ್ಟ. ಕ್ಲೇಮ್‌ಗೋಸ್ಕರ ರೋಗಿಯನ್ನು ಜಾಸ್ತಿ ಹೊತ್ತು ಮಲಗಿಸುವುದು ಮಾತ್ರ ತಪ್ಪು. ಆ ಬೆಡ್ ಇನ್ನೊಬ್ಬರಿಗೆ ಬೇಕಾಗಿರುತ್ತದೆ.

ಮನೆಗೆ ಕಳಿಸಿದರೆ, ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ತಲೆ ಪೆಟ್ಟಿನವರಿಗೆ ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ಫಿಟ್ಸ್, ಹೆಚ್ಚುತ್ತಲೇ ಹೋಗುವ ತಲೆನೋವು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಹೊರಡಿ.